ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಟೀಮ್ ಇಂಜಿನ್ನಿನ ನಾಲ್ಕು ಉಸಿರು

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಾತ ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿ) ಕಾಲದಲ್ಲಿ ಮೈಸೂರು-ಅರಸೀಕೆರೆ ಲೈನಲ್ಲಿ ಫೈರ್‌ಮನ್, ಅಂದ್ರೆ ಇಂಜಿನ್ ಬೆಂಕಿಗೆ ಕಲ್ಲಿದ್ದಲು ಹಾಕೋರು, ಆಗಿದ್ರು. ಈಗ ಕಣ್ಣು ಮಂಜು, ಆದ್ರೂ ಮಾತಿಗೆ ಕೂತ್ರೆ ಸ್ಟೀಮ್ ಇಂಜಿನ್ ಬಿಟ್ಟು ಬೇರೆ ಮಾತಿಲ್ಲ. "ಗಾಲಿ ಒಂದು ಸುತ್ತು ಬರೋದ್ರೊಳಗೆ ಇಂಜಿನ್ ನಾಲ್ಕು ಸಲ ಉಸಿರು ಬಿಡುತ್ತೆ" ಅಂತಾರೆ, ಇದು ನಿಜಾನಾ? ಅವ್ರನ್ನ ಇನ್ನೊಂದ್ಸಲ ಓಡೋ ಇಂಜಿನ್ ಹತ್ರ ಕರ್ಕೊಂಡ್ ಹೋಗ್ಬೇಕು, ಎಲ್ಲಿಗೆ ಹೋಗ್ಲಿ?
- ಒಬ್ಬ ಓದುಗಳು, ಮೈಸೂರು

ಉತ್ತರ: ತಾತ ಹೇಳಿದ್ದು ನಿಜ ಕಣಮ್ಮಾ. ಆ ಲೈನಲ್ಲಿ ಪ್ಯಾಸೆಂಜರ್ ಎಳೀತಿದ್ದ ವೈಪಿ ಅನ್ನೋ ಮಾದರಿಯ ಇಂಜಿನ್ನಿಗೆ ಎಡಕ್ಕೊಂದು ಬಲಕ್ಕೊಂದು ಸಿಲಿಂಡರ್, ಒಂದೊಂದರಲ್ಲೂ ಉಗಿ ಪಿಸ್ಟನ್ನನ್ನ ಮುಂದಿನಿಂದ್ಲೂ ತಳ್ಳುತ್ತೆ ಹಿಂದಿನಿಂದ್ಲೂ ತಳ್ಳುತ್ತೆ, ಹಾಗಾಗಿ ಒಂದು ಸುತ್ತಿಗೆ ಎರಡೆರಡು ಸಲ ಕೆಲಸ ಮುಗಿಸಿದ ಉಗಿ ಹೊರಗೆ ಬರುತ್ತೆ, ಒಟ್ಟು ನಾಲ್ಕು. ಎರಡು ಕಡೆ ಕ್ರ್ಯಾಂಕನ್ನ, ಅಂದ್ರೆ ಪಿಸ್ಟನ್ನಿನ ತಳ್ಳಾಟದಿಂದ ಗಾಲಿ ತಿರುಗಿಸೋ ಹಿಡೀನ, ಕಾಲು ಸುತ್ತಿನಷ್ಟು ಹಿಂದೆಮುಂದೆ ಕೂರಿಸಿರ್ತಾರೆ, ಅದಕ್ಕೇ ನಾಲ್ಕೂ ಒಂದ್ರ ಮೇಲೊಂದು ಬೀಳ್ದೆ ಸಮವಾಗಿ ಛುಕ್ ಛುಕ್ ಅನ್ನೋದು. ವೈಪಿಯ ದೊಡ್ಡ ಗಾಲಿ ನಾಲ್ಕೂವರೆ ಅಡಿ ಎತ್ತರ. ಸ್ಟೇಷನ್ ಬಿಡುವಾಗ ಸದ್ದನ್ನ ಬೆರಳಲ್ಲಿ ಎಣಿಸ್ಬಹುದು, 40 ಕಿಲೋಮೀಟರ್ ಸ್ಪೀಡ್ ಬಂತು ಅಂದ್ರೆ ಸೆಕೆಂಡಿಗೆ ಹತ್ತು, ಎಣಿಸೋಕಾಗಲ್ಲ.

ಆದ್ರೆ ಇದಕ್ಕಿಂತ ಮುಖ್ಯವಾದ್ದು ಒಂದಿದೆ. ಆ ಉಗಿ ಸುಮ್ನೆ ಹೊರಗೆ ಹೋಗ್ತಿರ್ಲಿಲ್ಲ, ಚಿಮಣಿ ಕೆಳಗಿನ ಕೊಳವೆಯಿಂದ ರಭಸವಾಗಿ ಮೇಲಕ್ಕೆ ನುಗ್ಗುವಾಗ ಬೆಂಕಿ ಕಡೆಯಿಂದ ಗಾಳೀನ ಎಳ್ಕೊಂಡು ಹೋಗ್ತಿತ್ತು. ಅಂದ್ರೆ ಆ ಛುಕ್ ಅನ್ನೋದೇ ಬೆಂಕಿಗೆ ತಿದಿ. ಏರು ಬಂದು ಇಂಜಿನ್ ಜಾಸ್ತಿ ದುಡಿದಷ್ಟೂ ತಿದಿ ಜೋರಾಗುತ್ತೆ, ಬೆಂಕಿ ಭಗ್ಗನೆ ಹತ್ತುತ್ತೆ, ಕಲ್ಲಿದ್ದಲು ಬೇಗ ಕರಗುತ್ತೆ, ನಿಮ್ಮ ತಾತ ಸಲಿಕೆ ಹಿಡಿದು ಓಡ್ತಿರೋ ಇಂಜಿನ್ನಲ್ಲಿ ಕಾಲು ಅಗಲಿಸಿ ನಿಂತು ಮತ್ತೆ ಮತ್ತೆ ಎಸೀಬೇಕು. ಬೆಂಕಿ ಹೇಗಿದೆ ಅನ್ನೋದು ಅವ್ರಿಗೆ ಕಿವಿಯಲ್ಲೇ ಗೊತ್ತಾಗ್ತಿತ್ತು. ಸ್ಟೀಮ್ ಇಂಜಿನ್ ನೆನೆಸ್ಕೊಳ್ಳೋ ನಾವೆಲ್ಲ ಹೊಗೆ, ಶಿಳ್ಳೆ ಅಂತೀವಿ, ಅಷ್ಟೊಂದು ಕಾವಿನ ಮುಂದೆ ಇಡೀ ದಿನ ನಿಂತವರ ಬೆನ್ನು-ಭುಜದ ಕಥೆ ಕೇಳಲ್ಲ. ದಯವಿಟ್ಟು ಮೊಬೈಲ್ ಇಟ್ಟು ಅವ್ರ ಮಾತನ್ನ ರೆಕಾರ್ಡ್ ಮಾಡಮ್ಮಾ, ಈ ವಾರಾನೇ ಮಾಡು.

ನಾನಂತೂ ಚಿಕ್ಕೋನಿದ್ದಾಗ ನಂಜನಗೂಡಿಗೆ ಹೋಗ್ವಾಗೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಣ್ಣಿಗೆ ಕರಿ ಬೀಳಿಸ್ಕೊಂಡು ಅಳ್ತಿದ್ದೆ, ಅಜ್ಜಿ ಸೆರಗಿನ ತುದಿಗೆ ಬಾಯಿಂದ ಬಿಸಿ ಊದಿ ಕಣ್ಣಿಗೆ ಒತ್ತೋರು. ಆ ಸೆರಗಿನ ಬಿಸಿ ಇವತ್ತಿಗೂ ಮರೆತಿಲ್ಲ.

ಇನ್ನು ಎಲ್ಲಿಗೆ ಹೋಗೋದು. ನಿಮ್ಮೂರಲ್ಲೇ 1979ರಿಂದ ರೈಲ್ವೆ ಮ್ಯೂಸಿಯಂ ಇದೆ, ಅಲ್ಲಿ ಇಂಜಿನ್ ಮೈ ಮುಟ್ಟಿ ನೋಡ್ಬಹುದು, ಆದ್ರೆ ತಣ್ಣಗಿರುತ್ತೆ. ತಾತನಿಗೆ ಬೇಕಿರೋದು ಬಿಸಿ ಇಂಜಿನ್. ಹಾಗಾಗಿ ತಮಿಳುನಾಡಿನ ಮೆಟ್ಟುಪಾಳ್ಯಕ್ಕೆ ಹೋಗಿ. ಅಲ್ಲಿಂದ ಕೂನೂರುವರೆಗೆ ಊಟಿ ರೈಲನ್ನ ಈಗ್ಲೂ ಸ್ಟೀಮ್ ಇಂಜಿನ್ನೇ ಹಿಂದಿನಿಂದ ತಳ್ಕೊಂಡು ಹತ್ತಿಸುತ್ತೆ, ಕಲ್ಲಾರ್ ದಾಟಿದ ಮೇಲೆ ಹಳಿ ಮಧ್ಯದ ಹಲ್ಲಿನ ಪಟ್ಟಿ ಕಚ್ಕೊಂಡು. ಕೂನೂರಿಂದ ಮೇಲಕ್ಕೆ ಡೀಸೆಲ್. ಇದು ಕೂಡ ಮೀಟರ್‌ಗೇಜೇ, ಆದ್ರೆ ಇದಕ್ಕೆ ನಾಲ್ಕು ಸಿಲಿಂಡರ್, ಎರಡು ಗಾಲಿಗೆ, ಎರಡು ಹಲ್ಲಿನ ಚಕ್ರಕ್ಕೆ, ಹಾಗಾಗಿ ತಾಳ ಬೇರೆ ಇರುತ್ತೆ, ತಾತ ಖಂಡಿತ ಗುರುತು ಹಿಡೀತಾರೆ. ಹೆಚ್ಚಿನವು ಈಗ ಎಣ್ಣೆಯಲ್ಲಿ ಉರಿಯೋದ್ರಿಂದ ಕಲ್ಲಿದ್ದಲಿನ ವಾಸನೆ ಇರಲ್ಲ ಅಂತ ಮೊದ್ಲೇ ಹೇಳ್ಬಿಡಿ. ಹಿಲ್‌ಗ್ರೋವ್‌ನಲ್ಲಿ ನೀರು ತುಂಬಿಸೋಕೆ ನಿಲ್ಲಿಸ್ತಾರೆ, ಅಲ್ಲಿ ನಿಧಾನಕ್ಕೆ ಕೈಹಿಡಿದು ಇಳಿಸಿ ಇಂಜಿನ್ ಹತ್ರ ನಿಲ್ಲಿಸಿ. ಟಿಕೆಟ್ ಬೇಗ ಖಾಲಿಯಾಗುತ್ತೆ, ಮುಂಚೇನೇ ಬುಕ್ ಮಾಡಿ.

ಪ್ರಶ್ನೆ: ನಮ್ಮ ದೇಶದಲ್ಲಿ ಸ್ಟೀಮ್ ಇಂಜಿನ್ ನಿಂತಿದ್ದು ಯಾವಾಗ?
- ಒಬ್ಬ ವಿದ್ಯಾರ್ಥಿ, ಹಾಸನ

ಉತ್ತರ: ತಯಾರಿ ನಿಂತಿದ್ದು ಒಂದು ಸಲ, ಓಡಾಟ ನಿಂತಿದ್ದು ಇನ್ನೊಂದು ಸಲ. ಪಶ್ಚಿಮ ಬಂಗಾಳದ ಚಿತ್ತರಂಜನ್ ರೈಲು ಇಂಜಿನ್ ಕಾರ್ಖಾನೆಯಲ್ಲಿ ಕೊನೇ ಬ್ರಾಡ್‌ಗೇಜ್ (ಅಗಲ ಹಳಿಯ) ಸ್ಟೀಮ್ ಇಂಜಿನ್ ತಯಾರಾಗಿದ್ದು 1970ರಲ್ಲಿ, ಅದಕ್ಕೆ ಅಂತಿಮ್ ಸಿತಾರಾ (ಕೊನೇ ನಕ್ಷತ್ರ) ಅಂತ ಹೆಸರಿಟ್ರು, ಮೀಟರ್‌ಗೇಜಿನದು 1972ರಲ್ಲಿ. ಬ್ರಾಡ್‌ಗೇಜ್‌ನಲ್ಲಿ ದಿನನಿತ್ಯದ ಓಡಾಟ ಮುಗಿದಿದ್ದು 1995ರ ಡಿಸೆಂಬರ್‌ನಲ್ಲಿ, ಪಂಜಾಬಿನ ಜಲಂಧರ್-ಫಿರೋಜ್‌ಪುರ ಲೈನಲ್ಲಿ.

ಪ್ರಶ್ನೆ: ನಮ್ಮೂರ ಚಿಕ್ಕ ಸ್ಟೇಷನ್ನಲ್ಲಿ ನಿಲ್ಲೋದು ಪ್ಯಾಸೆಂಜರ್ ಮಾತ್ರ. ಅದೂ ಹೋಗ್ಬಿಡುತ್ತಾ ಸರ್?
- ಒಬ್ಬ ಓದುಗರು, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಭಯ ನನಗೂ ಇದೆ. ಕೊರೋನಾ ಆದ್ಮೇಲೆ ಅದೇ ಗಾಡಿಗೆ ಸ್ಪೆಷಲ್ ಅಂತ ಹೆಸರಿಟ್ಟು ಹತ್ತು ರೂಪಾಯಿ ಟಿಕೆಟ್ ಮೂವತ್ತು ಮಾಡಿದ್ರು, 2024ರ ಫೆಬ್ರವರಿಯಲ್ಲಿ ಮತ್ತೆ ಹತ್ತಕ್ಕೆ ಇಳಿಸಿದ್ರು. ಕೂಲಿಗೆ, ಕಾಲೇಜಿಗೆ, ಸಂತೆಗೆ ಹೋಗೋರಿಗೆ ಆ ಇಪ್ಪತ್ತು ರೂಪಾಯಿ ಅಂದ್ರೆ ಸಣ್ಣ ದುಡ್ಡಲ್ಲ. ಹೊಗೆ ಹೋಯ್ತು, ಸರಿ, ಆದ್ರೆ ಪ್ರತಿ ಊರಿಗೂ ನಿಲ್ಲೋ ಗಾಡಿ ಹೋಗ್ಬಾರ್ದು ಅನ್ನೋದು ನನ್ನ ಹಠ. ನಿಮ್ಮ ಸ್ಟೇಷನ್ನಲ್ಲಿ ಹತ್ತೋರೆಲ್ಲ ಟಿಕೆಟ್ ತಗೊಂಡೇ ಹತ್ತಿ, ಸ್ಟಾಪ್ ಉಳಿಸೋ ಮಾತು ಬಂದಾಗ ರೈಲ್ವೆಯವ್ರು ಮೊದ್ಲು ನೋಡೋದು ಆ ಲೆಕ್ಕಾನೇ.