ತೋಟೆಯ ಕೇಸ್ ಕತ್ತರಿಸಲು ಯಾವ ಟ್ರಿಮ್ಮರ್?

ಪ್ರಶ್ನೆ: ಟೆಕ್ಸಾಸ್‌ನಲ್ಲಿ ನೆಲೆಸಿರುವ ನಾನು .338 ಲಪುವಾ ಮ್ಯಾಗ್ನಮ್ ರೈಫಲ್ಲಿನ ಖಾಲಿ ಕೇಸ್‌ಗಳನ್ನು (ಮದ್ದು ತುಂಬುವ ಹಿತ್ತಾಳೆಯ ಕೊಳವೆಗಳನ್ನು) ಮತ್ತೆ ತುಂಬಿಸಿ ಬಳಸಬೇಕೆಂದಿದ್ದೇನೆ. ಎಂತಹ ಟ್ರಿಮ್ಮರ್ ಕೊಳ್ಳಲಿ?

ಉತ್ತರ: ಗುಂಡು ಹಾರಿಸಿದ ಕೇಸನ್ನು ಡೈ ಎಂಬ ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತರುವಾಗ ಹಿತ್ತಾಳೆ ಕುತ್ತಿಗೆಯತ್ತ ಹರಿದು ಉದ್ದವಾಗುವುದರಿಂದ, ಕ್ಯಾಲಿಪರ್ ಹಿಡಿದು ಉದ್ದ ಅಳೆಯಬೇಕಾದದ್ದು ಆ ಕೆಲಸ ಮುಗಿದ ಮೇಲೆಯೇ. ನಿಮ್ಮ ಕೇಸಿನ ಗರಿಷ್ಠ ಉದ್ದ 69.20 ಮಿ.ಮೀ.; ಅದನ್ನು ಮೀರಿದರೆ ಬಾಯಿಯ ಅಂಚು ಚೇಂಬರಿನ (ರೈಫಲ್ಲಿನಲ್ಲಿ ತೋಟೆ ಕೂರುವ ಕುಳಿಯ) ತುದಿಗೆ ಒತ್ತಿ ಗುಂಡನ್ನು ಬಿಗಿಹಿಡಿಯುತ್ತದೆ, ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಸಾಮಾನ್ಯವಾಗಿ ಇದಕ್ಕಿಂತ ಕಾಲು ಮಿಲಿಮೀಟರ್ ಕಡಿಮೆಗೆ ಕತ್ತರಿಸುತ್ತಾರೆ.

ಕೊಳ್ಳುವ ಮುನ್ನ ಬುಡವನ್ನು ನೋಡಿ. ಈ ಕೇಸಿನ ಬುಡ ಸುಮಾರು 15 ಮಿ.ಮೀ. ಅಗಲವಿದ್ದು, ಚಿಕ್ಕ ತೋಟೆಗಳಿಗೆಂದು ಮಾಡಿದ ಹಿಡಿಕೆಯಲ್ಲಿ ಕೂರುವುದೇ ಇಲ್ಲ. ಪೈಲಟ್ (ಕುತ್ತಿಗೆಯೊಳಗೆ ಹೋಗಿ ಕೇಸನ್ನು ನೇರವಾಗಿಡುವ ಕಡ್ಡಿ) ಇರುವ ಯಂತ್ರವಾದರೆ ಅದೂ .338ರದ್ದೇ ಆಗಿರಬೇಕು. ಕೇಸಿನ ಭುಜದ (ಮೈ ಕುತ್ತಿಗೆಯತ್ತ ಕಿರಿದಾಗುವ ಇಳಿಜಾರಿನ) ಆಧಾರದಲ್ಲಿ ಅಳೆಯುವ ವಿದ್ಯುತ್ ಟ್ರಿಮ್ಮರ್ ವೇಗದ್ದು ನಿಜ, ಆದರೆ ಅದಕ್ಕೆ ನಿಮ್ಮ ತೋಟೆಯ ಅಚ್ಚು ಬೇರೆಯಾಗಿ ಬೇಕು, ಭುಜವೇ ಇಲ್ಲದ .458 ವಿಂಚೆಸ್ಟರ್‌ನಂಥವಕ್ಕೆ ಅದು ಒದಗದು. ಒಂದು ಸಲಕ್ಕೆ ಇಪ್ಪತ್ತೋ ಮೂವತ್ತೋ ಕೇಸ್ ಮಾಡುವವರಿಗೆ, ಕೇಸಿನ ಮೈಯನ್ನೇ ಹಿಡಿದು ನಿಲ್ಲಿಸುವ ವಿಲ್ಸನ್ ಮಾದರಿಯ ಕೈಯಂತ್ರವೇ ಮೇಲೆಂದು ನನ್ನ ಅಭಿಪ್ರಾಯ. ಕತ್ತರಿಸಿದ ಬಾಯಿ ಓರೆಯಾಗುವುದಿಲ್ಲ. ಅಂಚಿನ ಒಳಹೊರಗಿನ ಮುಳ್ಳನ್ನು ತೆಗೆಯುವ ಉಪಕರಣವನ್ನೂ ಜೊತೆಗೇ ಕೊಳ್ಳಿ.

ಇಲ್ಲಿನ ಓದುಗರಿಗೊಂದು ಮಾತು: ಭಾರತದಲ್ಲಿ ಮದ್ದುಗುಂಡು ತಯಾರಿಸಲು 1959ರ ಆಯುಧ ಕಾಯಿದೆಯಡಿ ಪರವಾನಗಿ ಕಡ್ಡಾಯ.