ಮಸಲ್ ಇಲ್ಲದ ಬಾಲ ಬಡಿಯೋದು ಹೇಗೆ?

ಪ್ರಶ್ನೆ: ಲ್ಯಾಬ್ ಟೆಕ್ನಿಷಿಯನ್ ನಾನು, ದಿನಾ ವೀರ್ಯಾಣು ನೋಡ್ತೀನಿ. ಬಾಲದಲ್ಲಿ ಮಸಲ್ಲೇ ಇಲ್ಲ, ಮತ್ತೆ ಅಷ್ಟು ಜೋರಾಗಿ ಬಡಿಯೋದು ಹೇಗೆ?
— ಓದುಗರೊಬ್ಬರು, ಡೊಂಬಿವಲಿ, ಮುಂಬೈ ಹತ್ರ

ಉತ್ತರ: ಎಲ್ಲಾ ಪ್ರೋಟೀನ್ ಕೆಲಸ ಕಣ್ರೀ. ಬಾಲದೊಳಗೆ ನಡುವೆ 2 ಒಂಟಿ ನಳಿಗೆ, ಸುತ್ತ 9 ಜೋಡಿ, ಎಲ್ಲಾ ಟ್ಯೂಬುಲಿನ್ ಅನ್ನೋ ಪ್ರೋಟೀನ್‌ನಿಂದ ಆದವು. ಜೋಡೀಲಿ ಒಂದು ನಳಿಗೆಗೆ 13 ಎಳೆ, ಇನ್ನೊಂದಕ್ಕೆ 10 ಅಷ್ಟೇ, ಯಾಕಂದ್ರೆ ಅದು ಪೂರ್ತಿ ರೌಂಡ್ ಅಲ್ಲ, ನಿಮ್ಮ ಕಡೆ ಚಾಳ್ ಮನೆಗಳ ಥರ ಪಕ್ಕದ್ದರ ಗೋಡೇನೇ ಬಳಸ್ಕೊಳ್ಳುತ್ತೆ. ಡೈನಿನ್ ಅನ್ನೋ ಮೋಟಾರ್ ಪ್ರೋಟೀನ್ ಎಟಿಪಿ, ಅಂದ್ರೆ ಜೀವಕೋಶದ ಇಂಧನ, ಖರ್ಚು ಮಾಡಿ ಪಕ್ಕದ ಜೋಡೀನ ಜಾರಿಸೋಕೆ ನೋಡುತ್ತೆ, ಜೋಡಿಗಳ ನಡುವಿನ ಕೊಂಡಿಗಳು ಬಿಡಲ್ಲ, ಆ ಜಗ್ಗಾಟದಲ್ಲೇ ಬಾಲ ಬಾಗೋದು. ಜೋಡಿಗಳಿಂದ ತೋಳಿನ ಥರ ಚಾಚಿರೋ ಈ ಡೈನಿನ್ನೇ ಇಲ್ದಿದ್ರೆ ಬಾಲ ಅಲ್ಲಾಡಲ್ಲ. ಅಂಥ ವೀರ್ಯಾಣು ಇರೋರಿಗೆ ಶ್ವಾಸನಾಳದ ಸಿಲಿಯಾನೂ (ಕಫ ತಳ್ಳೋ ಸಣ್ಣ ಕೂದಲಿನಂಥವು) ಕೈಕೊಡುತ್ತೆ ಅಂತ 1976ರಲ್ಲಿ ವಿಜ್ಞಾನಿ ಅಫ್ಜೆಲಿಯಸ್ ತೋರಿಸಿದ್ರು. ಮೋಟಿಲಿಟಿ (ವೀರ್ಯಾಣುವಿನ ಚಲನೆ) ಕಮ್ಮಿ ಬಂದ ರಿಪೋರ್ಟ್‌ಗೆಲ್ಲಾ ಇದೇ ಕಾರಣ ಅನ್ಕೋಬೇಡಿ ಮತ್ತೆ, ಇದು ಅಪರೂಪ.