ಏಳು ಚಾರ್ಟು ಬದಲಿಸಿದ ಹುಡುಗ

ನಾನು ಆಪ್ತಸಲಹೆಗಾರ್ತಿ. ನನಗೆ ಮೊದಲು ಫೋನ್ ಮಾಡಿದ್ದು ಆ ಹುಡುಗನ ಆಯಿ (ತಾಯಿ), ಶಿರಸಿ ಸೀಮೆಯ ಒಂದು ಅಡಿಕೆ ತೋಟದ ಮನೆಯಿಂದ. "ಮಾಣಿ ಕಾರವಾರದಲ್ಲಿ ಕೆಲಸಕ್ಕಿದ್ದಾನೆ. ಊರಿಗೆ ಬಂದ್ರೆ ನಮ್ಮ ಜೊತೆ ಊಟಕ್ಕೆ ಕೂರೂದಿಲ್ಲ. ಚಿಕ್ಕಪ್ಪನ ಮಗನ ಉಪನಯನಕ್ಕೂ ಬರ್ಲಿಲ್ಲ. ನೀವೊಂದು ಸಲ ಮಾತಾಡಿ ನೋಡಿ" ಎಂದರು. ಪ್ರಾಯಕ್ಕೆ ಬಂದ ಮಗ, ಅವನಾಗಿ ಬಂದರೆ ಮಾತ್ರ ಮಾತಾಡಬಲ್ಲೆ ಎಂದು ಹೇಳಿ, ನನ್ನ ನಂಬರ್ ಅವನಿಗೆ ಕೊಡಲು ತಿಳಿಸಿದೆ. ಹತ್ತು ದಿನ ಕಳೆದು, ಮೇ ತಿಂಗಳ ಒಂದು ಸಂಜೆ ಅವನೇ ಬಂದ. ಅವನ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಇಪ್ಪತ್ಮೂರು ವರ್ಷ. ಎತ್ತರದ ಹುಡುಗ, ತೂಕ 58 ಕೆ.ಜಿ. ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಅವನ ಬೆವರು ನಿಲ್ಲುತ್ತಿರಲಿಲ್ಲ. ಕುತ್ತಿಗೆಯ ಹತ್ತಿರ ನೋಡಿದರೆ ತುಂಬುತೋಳಿನ ಅಂಗಿಯೊಳಗೆ ಒಂದರ ಮೇಲೊಂದು ಎರಡು ಬನಿಯನ್. ಕಾರವಾರದ ಮೇ ತಿಂಗಳ ಸೆಕೆ ಗೊತ್ತಿದ್ದವರಿಗೆ ಇದರ ಕಷ್ಟ ಅರ್ಥವಾಗುತ್ತದೆ.

"ನೀವು ಅನ್ಬೇಡಿ ಮೇಡಂ, ನೀನು ಅಂದ್ರೆ ಸಾಕು" ಎಂದವನೇ ನೇರ ಪ್ರಶ್ನೆಗೆ ಬಂದ. "ಮಸಲ್ ಬರೂಕೆ ಯಾವ ವರ್ಕೌಟ್ ಸರಿ ಅಂತ ಯಾರಾದ್ರೂ ಖಡಾಖಂಡಿತ ಹೇಳಿಬಿಟ್ರೆ ನಂಗೆ ನಿದ್ದೆ ಬರ್ತದೆ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ."

ಅವತ್ತು ನಾನು ತಪ್ಪು ಮಾಡಿದೆ. ಮೈಕಟ್ಟಿಗಿಂತ ಮನುಷ್ಯ ದೊಡ್ಡವನು ಎಂಬ ಧಾಟಿಯಲ್ಲಿ ನಾಲ್ಕು ಮಾತು ಹೇಳಿದೆ. ಅವನು ತಲೆಯಾಡಿಸಿ ಕೇಳಿದ, ಎದ್ದು ಹೋದ. ಮೂರು ವಾರ ಪತ್ತೆಯಿಲ್ಲ. ಅವನು ಕೇಳಿದ್ದು ಒಂದು ಪ್ರಶ್ನೆ, ನಾನು ಕೊಟ್ಟದ್ದು ಉಪದೇಶ. ಅಷ್ಟರಲ್ಲಿ ನನಗೆ ಪರಿಚಯದ ದೈಹಿಕ ಶಿಕ್ಷಕರೊಬ್ಬರ ಹತ್ತಿರ ಕುಳಿತು ವಿಷಯ ತಿಳಿದುಕೊಂಡೆ. ಜೂನ್ ಮಳೆಯಲ್ಲಿ ಅವನು ಮತ್ತೆ ಬಂದಾಗ "ನೀನು ಈವರೆಗೆ ಮಾಡಿದ್ದನ್ನೆಲ್ಲ ತೋರಿಸು, ಒಟ್ಟಿಗೆ ನೋಡುವಾ" ಎಂದೆ.

ಫೋನಿನಲ್ಲಿ ವ್ಯಾಯಾಮದ ಏಳು ಚಾರ್ಟ್ ಇದ್ದವು, ಹದಿನಾಲ್ಕು ತಿಂಗಳಿಗೆ ಏಳು. ದಿನಕ್ಕೊಂದು ಭಾಗದ್ದು: ಸೋಮವಾರ ಎದೆ, ಮಂಗಳವಾರ ಬೆನ್ನು, ಹೀಗೆ. ತಳ್ಳುವುದು, ಎಳೆಯುವುದು, ಕಾಲು ಎಂದು ಹಂಚಿದ ಆರು ದಿನದ ಪುಶ್-ಪುಲ್-ಲೆಗ್ಸ್. ಸೆಟ್ಟಿಗೆ ಐದೇ ರೆಪ್ಸ್ ಮಾಡಿ ಭಾರ ಏರಿಸುವುದು (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್, ನಡುವೆ ಬಿಡದೆ ಮಾಡುವ ಒಂದು ಸುತ್ತು ಒಂದು ಸೆಟ್). ಒಂದೇ ಸೆಟ್, ಆದರೆ ಕೈ ಸೋತು ಇನ್ನೊಂದು ಏಳದಷ್ಟು ಎಂಬ ಪದ್ಧತಿ. ವ್ಯಾಯಾಮ ಯಂತ್ರಗಳನ್ನು ತಯಾರಿಸುತ್ತಿದ್ದ ಅಮೆರಿಕದ ಆರ್ಥರ್ ಜೋನ್ಸ್ 1970ರ ದಶಕದಲ್ಲಿ ಪ್ರಚಾರ ಮಾಡಿದ್ದು. ಉಳಿದವು ಇವುಗಳದ್ದೇ ಕಲಬೆರಕೆ. ಪ್ರತಿಯೊಂದನ್ನೂ ಆರೆಂಟು ವಾರ ಮಾಡಿ ಬಿಟ್ಟಿದ್ದ.

"ಬಿಟ್ಟದ್ದು ಎಂತಕ್ಕೆ?"

"ಕನ್ನಡೀಲಿ ಎಂತದೂ ಕಾಣ್ಲಿಲ್ಲ. ಮೈಕೈ ನೋವು ಬರೂದೂ ನಿಂತೋಯ್ತು. ಹಂಗಾಗಿ ಕೆಲಸ ಮಾಡ್ತಿಲ್ಲ ಅನ್ಸ್ತು."

ಗಂಟು ಇದ್ದದ್ದು ಇಲ್ಲಿ. ಹೊಸದಾಗಿ ಭಾರ ಎತ್ತಲು ಶುರುಮಾಡಿದವನ ಶಕ್ತಿ ಮೊದಲ ವಾರಗಳಲ್ಲಿ ಏರುವುದು ಬಹುಪಾಲು ನರಗಳ ಕಲಿಕೆಯಿಂದ. ಇರುವ ಸ್ನಾಯುವನ್ನೇ ಹೆಚ್ಚು ಚೆನ್ನಾಗಿ ದುಡಿಸುವುದನ್ನು ದೇಹ ಕಲಿಯುತ್ತದೆ. ಕಣ್ಣಿಗೆ ಕಾಣುವಷ್ಟು ಗಾತ್ರ ಬರಲು ತಿಂಗಳುಗಳು ಬೇಕು. ಇನ್ನೇನು ಕಾಣಬೇಕು ಎನ್ನುವ ಹೊತ್ತಿಗೆ ಇವನು ಚಾರ್ಟು ಬದಲಿಸಿ, ಹೊಸ ವ್ಯಾಯಾಮಕ್ಕೆ ಕಡಿಮೆ ಭಾರದಿಂದ ಮತ್ತೆ ಮೊದಲಿನಿಂದ ಹೊರಡುತ್ತಿದ್ದ. ಮೈಕೈ ನೋವಂತೂ ಅಭ್ಯಾಸವಿಲ್ಲದ ಕೆಲಸ ಮಾಡಿದ್ದರ ಗುರುತು. ತೋಟಕ್ಕೆ ಮಣ್ಣು ಹಾಕಿದ ಮರುದಿನ ಸೊಂಟ ಹಿಡಿಯುತ್ತದಲ್ಲ, ಅಷ್ಟೇ. ಅದು ನಿಂತರೆ ಸ್ನಾಯು ಬೆಳೆಯುತ್ತಿಲ್ಲ ಎಂದಲ್ಲ.

ಅವನ ಪ್ರಶ್ನೆಗೆ ಉತ್ತರವನ್ನೂ ಕೊಟ್ಟೆ. ಐದು ರೆಪ್ಸ್‌ನಿಂದ ಮೂವತ್ತರವರೆಗೆ, ಹೆಚ್ಚುಕಡಿಮೆ ಸೋಲುವ ಹತ್ತಿರಕ್ಕೆ ಒಯ್ದರೆ ಸ್ನಾಯು ಸುಮಾರು ಒಂದೇ ಬಗೆಯಲ್ಲಿ ಬೆಳೆಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಬರೀ ಶಕ್ತಿ ಬೇಕಾದವರಿಗೆ ಮಾತ್ರ ದೊಡ್ಡ ಭಾರ, ಕಡಿಮೆ ರೆಪ್ಸ್ ಹೆಚ್ಚು ಅನುಕೂಲ. ಒಂದು ಸ್ನಾಯುವಿಗೆ ವಾರದಲ್ಲಿ ಹತ್ತರ ಆಸುಪಾಸು ಸೆಟ್ ಬಿದ್ದರೆ ಒಳ್ಳೆಯದು. ಅದನ್ನು ಒಂದೇ ದಿನ ಮಾಡಿದರೂ ಮೂರು ದಿನಕ್ಕೆ ಹಂಚಿದರೂ ಫಲದಲ್ಲಿ ದೊಡ್ಡ ಅಂತರವಿಲ್ಲ. ಹೊಸಬನಿಗೆ ಶುರುವಿನಲ್ಲಿ ಅದಕ್ಕಿಂತ ಕಡಿಮೆಯೂ ಸಾಕು. ಬಿಡಬಾರದ್ದು ಒಂದೇ, ಭಾರವೋ ರೆಪ್ಸೋ ಹಂತಹಂತವಾಗಿ ಏರುತ್ತಿರಬೇಕು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲಿಗೆ ಬಲ ಬರಿಸಲು ಥಾಮಸ್ ಡಿಲಾರ್ಮ್ ಎಂಬ ಸೇನಾ ವೈದ್ಯರು ಭಾರವನ್ನು ಏರಿಸುತ್ತ ಹೋಗುವ ಈ ಕ್ರಮವನ್ನು ಬಳಸಿ, 1945ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರೆ ಏಳರಲ್ಲಿ ಯಾವುದನ್ನು ಮುಂದುವರಿಸಿದ್ರೂ ಆಗ್ತಿತ್ತಾ?" ಎಂದ. ಆಗುತ್ತಿತ್ತು ಎಂದೆ. ಅವನ ಕಣ್ಣಲ್ಲಿ ನೀರು ಬಂತು. ಉಪನಯನದ ಮಾತು ಹೊರಬಂದದ್ದು ಆಮೇಲೆ.

ಪಂಚೆ ಉಟ್ಟು, ಶಾಲು ಹೊದ್ದು, ಬರಿಮೈಯಲ್ಲಿ ಊಟದ ಪಂಕ್ತಿಗೆ ಕೂರಬೇಕು. ಚಿಕ್ಕಂದಿನಿಂದ ನೆಂಟರು ಅವನನ್ನು ಕರೆಯುತ್ತಿದ್ದದ್ದು 'ದಬ್ಬೆ' ಎಂದು. ಸೀಳಿದ ಅಡಿಕೆ ಮರದ ಪಟ್ಟಿ. ಪ್ರೀತಿಯಿಂದಲೇ ಕರೆಯುತ್ತಿದ್ದರು ಎಂದು ಅವನಿಗೂ ಗೊತ್ತು. ಆದರೂ ಐದು ವರ್ಷದಿಂದ ಮನೆಯ ಯಾವ ಪೂಜೆಯಲ್ಲೂ ಅವನು ಅಂಗಿ ತೆಗೆದಿಲ್ಲ. ಮೊದಮೊದಲು ಜ್ವರ ಎನ್ನುತ್ತಿದ್ದ, ಆಮೇಲೆ ರಜೆ ಸಿಗಲಿಲ್ಲ ಎನ್ನುತ್ತಿದ್ದ.

ಇಂಥ ಕಡೆ ಆಪ್ತಸಲಹೆಗಾರರು ಎಚ್ಚರದಿಂದಿರಬೇಕು. ಎಷ್ಟು ಬೆಳೆದರೂ ತಾನು ಸಣಕಲ ಎಂದೇ ಕಾಣುವ ಸ್ಥಿತಿಗೆ ಮಸಲ್ ಡಿಸ್‌ಮಾರ್ಫಿಯಾ ಎಂಬ ಹೆಸರಿದೆ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1997ರಲ್ಲಿ ಅದನ್ನು ವಿವರಿಸಿದರು. ದಿನಕ್ಕೆ ಎಷ್ಟು ಹೊತ್ತು ಮೈಯ ಬಗ್ಗೆಯೇ ಯೋಚನೆ, ಎಷ್ಟು ಸಲ ಕನ್ನಡಿ, ನೋವಿದ್ದರೂ ಜಿಮ್‌ಗೆ ಹೋಗುತ್ತಾನಾ, ಒಂದು ದಿನ ತಪ್ಪಿದರೆ ಏನಾಗುತ್ತದೆ, ಎಲ್ಲ ಕೇಳಿದೆ. ಸದ್ಯಕ್ಕೆ ಅಲ್ಲಿಗೆ ಮುಟ್ಟಿಲ್ಲ ಅನಿಸಿತು, ಆದರೆ ದಾರಿ ಅದೇ ಕಡೆಗಿತ್ತು. ಕನ್ನಡಿ ಮುಂದಿನ ಹೊತ್ತು ಹೆಚ್ಚಾದರೆ, ಊಟ-ನಿದ್ದೆ ಇನ್ನಷ್ಟು ಕೆಟ್ಟರೆ ಮನೋವೈದ್ಯರನ್ನು ಕಾಣಬೇಕೆಂದು ಮುಚ್ಚುಮರೆಯಿಲ್ಲದೆ ಹೇಳಿದೆ.

ಮತ್ತೊಂದನ್ನು ಅವನು ಬಹಳ ಹೊತ್ತು ಬಚ್ಚಿಟ್ಟಿದ್ದ. ಜಿಮ್‌ನಲ್ಲಿ ಪರಿಚಯವಾದವನೊಬ್ಬ 'ಕೋರ್ಸ್' ಮಾಡು, ಮೂರು ತಿಂಗಳಲ್ಲಿ ಮೈ ತುಂಬುತ್ತದೆ ಎಂದಿದ್ದನಂತೆ. ಕೋರ್ಸ್ ಅಂದರೆ ಸ್ಟೆರಾಯ್ಡ್ ಇಂಜೆಕ್ಷನ್, ಗಂಡಸರ ಹಾರ್ಮೋನಿನ ಹಾಗೆ ಕೆಲಸ ಮಾಡುವ ಔಷಧಿ. ಇದರ ಬಗ್ಗೆ ನಾನು ಮೆತ್ತಗೆ ಮಾತಾಡಲಿಲ್ಲ. ಹೊರಗಿನಿಂದ ಹಾರ್ಮೋನ್ ಬಂದರೆ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ, ಎದೆಯಲ್ಲಿ ಹೆಂಗಸರ ಹಾಗೆ ಗಂಟು ಬೆಳೆಯಬಹುದು, ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆಯಾಗಿ ಹೃದಯಕ್ಕೆ ಕುತ್ತು. ನಿಲ್ಲಿಸಿದ ಮೇಲೂ ಸರಿಯಾಗಲು ತಿಂಗಳುಗಟ್ಟಲೆ ಬೇಕಾಗಬಹುದು. ಅವನು ಆ ನಂಬರನ್ನು ನನ್ನೆದುರೇ ಅಳಿಸಿದ.

ಕಾರ್ಯಕ್ರಮವನ್ನು ದೈಹಿಕ ಶಿಕ್ಷಕರೇ ಬರೆದುಕೊಟ್ಟರು. ಸೋಮ, ಬುಧ, ಶುಕ್ರ, ಮೂರೇ ದಿನ. ಪ್ರತಿ ಸಲ ಇಡೀ ಮೈಗೆ ಐದು ವ್ಯಾಯಾಮ: ಭಾರ ಹೊತ್ತು ಕುಳಿತೇಳುವ ಸ್ಕ್ವಾಟ್, ಮಲಗಿ ಎದೆಯ ಮೇಲಿಂದ ತಳ್ಳುವ ಬೆಂಚ್ ಪ್ರೆಸ್, ಭಾರವನ್ನು ಹೊಟ್ಟೆಯತ್ತ ಎಳೆಯುವ ರೋ, ತಲೆಯ ಮೇಲಕ್ಕೆ ಎತ್ತುವ ಶೋಲ್ಡರ್ ಪ್ರೆಸ್, ಸೊಂಟ ಬಗ್ಗಿಸಿ ಎತ್ತುವ ಡೆಡ್‌ಲಿಫ್ಟ್. ತಲಾ ಮೂರು ಸೆಟ್, ಎಂಟರಿಂದ ಹನ್ನೆರಡು ರೆಪ್ಸ್, ನಡುವೆ ಎರಡು ನಿಮಿಷ ವಿಶ್ರಾಂತಿ; ಇನ್ನೊಂದೆರಡು ಎತ್ತಬಲ್ಲೆ ಎನ್ನುವಾಗ ನಿಲ್ಲಿಸುವುದು. ಮೂರೂ ಸೆಟ್‌ನಲ್ಲಿ ಹನ್ನೆರಡು ಬಂದರೆ ಮುಂದಿನ ಸಲ 2.5 ಕೆ.ಜಿ. ಹೆಚ್ಚು. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು ಬಿಟ್ಟು ಸಂಜೆ ಹೋಗಿ, ರಾತ್ರಿ ಏಳು ತಾಸಾದರೂ ಮಲಗಬೇಕು. ಹನ್ನೆರಡು ವಾರ ಯಾವ ಬದಲಾವಣೆಯೂ ಇಲ್ಲ.

ನನ್ನ ಕಡೆಯಿಂದ ಸೇರಿಸಿದ್ದು ಒಂದು ನೂರು ಪುಟದ ನೋಟ್‌ಬುಕ್. ಫೋಟೋ ತಿಂಗಳಿಗೊಂದು, ತೂಕ ವಾರಕ್ಕೊಮ್ಮೆ. ಉಳಿದ ದಿನ ಕನ್ನಡಿಯನ್ನು ಕೇಳಬೇಡ, ಪುಸ್ತಕ ಕೇಳು ಎಂದೆ.

ಊಟದ ಲೆಕ್ಕ ಮಾಡಿದ್ದು ಅದೇ ಪುಸ್ತಕದ ಕೊನೇ ಪುಟದಲ್ಲಿ. ಬೆಳಿಗ್ಗೆ ದೋಸೆ, ಮಧ್ಯಾಹ್ನ ಖಾನಾವಳಿಯ ಅನ್ನ-ಸಾಂಬಾರು, ರಾತ್ರಿ ಅನ್ನ, ಸಾರು, ಮಜ್ಜಿಗೆ. ಎಲ್ಲ ಕೂಡಿದರೂ ಪ್ರೋಟೀನ್ 40 ಗ್ರಾಂ ಸುಮಾರು. ಸ್ನಾಯು ಬೆಳೆಸಲು ತೂಕದ ಪ್ರತಿ ಕೆ.ಜಿ.ಗೆ 1.6 ಗ್ರಾಂ ಇರಬೇಕೆಂಬ ಲೆಕ್ಕ ಹಿಡಿದರೆ ಇವನಿಗೆ ಬೇಕಾದ್ದು 93. ಏಳು ಚಾರ್ಟು ಬದಲಿಸಿದವನು ತಟ್ಟೆಯನ್ನು ಒಮ್ಮೆಯೂ ಬದಲಿಸಿರಲಿಲ್ಲ. ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಒಣ ಸೋಯಾ ಚಂಕ್ಸ್ 50 ಗ್ರಾಂ ನೆನೆಸಿ ಪಲ್ಯ ಮಾಡಿದರೆ 26 ಗ್ರಾಂ, ಅರ್ಧ ಲೀಟರ್ ಹಾಲಿಗೆ 16, 50 ಗ್ರಾಂ ಶೇಂಗಾಕ್ಕೆ 12, ಒಣ ಹೆಸರುಕಾಳು 50 ಗ್ರಾಂ ನೆನೆಸಿದರೆ 12. ಡಬ್ಬದ ಪೌಡರ್ ಇಲ್ಲದೆಯೂ ನೂರು ದಾಟಿತು. ಅನ್ನ, ತುಪ್ಪ ಹೆಚ್ಚಿಸಲೂ ಹೇಳಿದೆ. ಹೊಟ್ಟೆಗೆ ಕಡಿಮೆ ಬಿದ್ದರೆ ಯಾವ ಪದ್ಧತಿಯೂ ತೂಕ ಏರಿಸಲಾರದು. ಶುರುವಿಗೆ ಮುಂಚೆ ವೈದ್ಯರ ಹತ್ತಿರ ಬಿ.ಪಿ., ರಕ್ತ ನೋಡಿಸಿಕೊಂಡು ಬಂದ.

ಐದನೇ ವಾರ ಬಂದು ಎಂಟನೇ ಚಾರ್ಟೊಂದನ್ನು ತೋರಿಸಿದ. ನಾನು ಪುಸ್ತಕ ತೆಗೆಸಿದೆ. ಮೊದಲ ಪುಟದಲ್ಲಿ "ಸ್ಕ್ವಾಟ್ 30 ಕೆ.ಜಿ. – 10, 9, 8". ಆ ವಾರದ್ದು "37.5 – 11, 10, 10". ಮಳೆಗೆ ಹಾಳೆ ಉಬ್ಬಿ ಶಾಯಿ ಹರಡಿತ್ತು, ಅಂಕಿ ಕಾಣುತ್ತಿತ್ತು. ಅವನು ಆ ಎರಡು ಸಾಲಿನ ಮೇಲೆ ಬೆರಳಿಟ್ಟು ನೋಡಿ, ಫೋನ್ ಜೇಬಿಗೆ ಹಾಕಿಕೊಂಡ.

ಹನ್ನೆರಡು ವಾರಕ್ಕೆ ತೂಕ 61.2. ಚೌತಿಗೆ ಊರಿಗೆ ಹೋಗಿದ್ದ. ಪೂಜೆಗೆ ಪಂಚೆ ಉಟ್ಟು ಕೂತ, ಶಾಲು ಮಾತ್ರ ಮೈತುಂಬ ಬಿಗಿಯಾಗಿ ಹೊದ್ದುಕೊಂಡಿದ್ದ ಎಂದು ಆಯಿ ಫೋನಿನಲ್ಲಿ ಹೇಳಿದರು. ಊಟ ಎಲ್ಲರ ಜೊತೆ ಮಾಡಿದನಂತೆ, ಎರಡು ಸಲ ಅನ್ನ ಹಾಕಿಸಿಕೊಂಡನಂತೆ. ಕಳೆದ ಸಲ ನನ್ನ ಹತ್ತಿರ ಬಂದಾಗ ಅಂಗಿಯೊಳಗೆ ಒಂದೇ ಬನಿಯನ್ ಇತ್ತು. ಮುಂದಿನ ಭೇಟಿ ದೀಪಾವಳಿ ಕಳೆದ ಮೇಲೆ.